ಹಿತ್ತಲಿಗೆ ಕಟ್ಟಿದ ದೀಪದ ಸರ

ಕಪಿಲೆಯ ದಡದ ಆ ಪುಟ್ಟ ಆಶ್ರಮದ ಹಿತ್ತಲಲ್ಲಿ ವರ್ಷಕ್ಕೊಂದು ಸಂಜೆ ಊಟ ಹಾಕುತ್ತಿದ್ದರು. ಊರಿನ ಬೀದಿ ಗುಡಿಸುವ ನಲವತ್ತು ಹೆಂಗಸರು ಅಂದಿನ ಅತಿಥಿಗಳು. ಅವರಿಗಾಗಿ ಬೇವಿನ ಮರದಿಂದ ಬಾವಿಯ ಕಂಬದವರೆಗೆ ಸೀರಿಯಲ್ ಸೆಟ್ಟಿನ ಬಣ್ಣದ ದೀಪ ಕಟ್ಟಬೇಕು.

ಹನ್ನೊಂದು ವರ್ಷದಿಂದ ಅದನ್ನು ಕಟ್ಟುತ್ತಿದ್ದವನು ಶಿಷ್ಯ ಸೋಮಲಿಂಗ. ವಯಸ್ಸು ಐವತ್ತು ದಾಟಿತ್ತು. ಅಡುಗೆಯೂ ಅವನದೇ, ಚಾಪೆ ಹಾಸುವುದೂ ಅವನದೇ. ಯಾರಾದರೂ ಕೈಜೋಡಿಸಲು ಬಂದರೆ, “ಬಿಡಿ, ನಿಮಗೆ ಗೊತ್ತಾಗಲ್ಲ” ಎಂದು ಕಳಿಸಿಬಿಡುತ್ತಿದ್ದ.

ಈ ಸಲ ತೋಳು ಸರಿಯಾಗಿ ಮೇಲೇಳುತ್ತಿರಲಿಲ್ಲ. ಏಣಿ ಹತ್ತಿ ವೈರು ಬಿಗಿದ. ಇಳಿದು ನೋಡಿದರೆ ನಡುವೆ ಜೋತುಬಿದ್ದಿತ್ತು. ಮತ್ತೆ ಹತ್ತಿದ. ಬಿಗಿದ. ಇಳಿದ.

ಬಿಸಿಲು ಇಳಿದಾಗ ಸ್ವಿಚ್ ಹಾಕಿದ. ಒಂದು ದೀಪವೂ ಉರಿಯಲಿಲ್ಲ.

ಸೋಮಲಿಂಗ ಏಣಿಯ ಬುಡದಲ್ಲೇ ಕುಸಿದು ಕೂತ. ಬೈಯುವುದಕ್ಕೂ ಅವನಲ್ಲಿ ತ್ರಾಣ ಇರಲಿಲ್ಲ.

ಮುದ್ದಯ್ಯ ಗುರುಗಳು ಕೋಲೂರಿಕೊಂಡು ಬಂದರು.

“ಏನಾಯ್ತು?”

“ಎಲ್ಲೋ ಒಂದು ಬಲ್ಬ್ ಹೋಗಿದೆ, ಬುದ್ಧಿ. ಒಂದು ಹೋದರೆ ಇಡೀ ಸರವೇ ಹೋದ ಹಾಗೆ.” ಹಣೆಯ ಬೆವರು ಒರೆಸಿಕೊಂಡ. “ನನಗೆ ಸಾಕಾಗಿದೆ. ನಾಳೆ ಎಲ್ಲಾದರೂ ಹೊರಟುಬಿಡೋಣ ಅನ್ನಿಸುತ್ತೆ. ಆದರೆ ನಾನು ಹೋದರೆ ಇಲ್ಲಿ ಏನು ಗತಿ?”

ಗುರುಗಳು ತಲೆಯೆತ್ತಿ ಸರವನ್ನು ನೋಡಿದರು.

“ಪ್ಲಗ್ ಕಿತ್ತು, ಸರ ಕೆಳಗಿಳಿಸು” ಎಂದರು.

ಇಳಿಸಿದ. ಅವರು ಚಾಪೆಯ ಮೇಲೆ ಕೂತು ಒಂದೊಂದೇ ಬಲ್ಬನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾ ಹೋದರು. ಕಪ್ಪುಗಟ್ಟಿದ್ದ ಒಂದು ಸಿಕ್ಕಿತು. ಚಾಕುವಿನಿಂದ ಅದನ್ನು ಕತ್ತರಿಸಿ ತೆಗೆದರು. ವೈರಿನ ಎರಡು ತುದಿಗಳನ್ನು ಹೆಣೆದು ಟೇಪು ಸುತ್ತಿದರು.

“ಕಟ್ಟಿ ನೋಡು.”

ಸೋಮಲಿಂಗ ಕಟ್ಟಿ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿದ. ಇಡೀ ಹಿತ್ತಲು ಬೆಳಗಿತು.

ಅವನು ಬಹಳ ಹೊತ್ತು ಮೇಲೆ ನೋಡುತ್ತಾ ನಿಂತ. ಕತ್ತರಿಸಿ ತೆಗೆದ ಬಲ್ಬ್ ಎಲ್ಲಿತ್ತು ಎಂಬುದೇ ತಿಳಿಯುತ್ತಿರಲಿಲ್ಲ. ಗುರುಗಳ ಕಡೆ ತಿರುಗಿದ.

“ನಾನು ಇಲ್ಲದಿದ್ದರೂ ನಡೆಯುತ್ತೆ. ಇದನ್ನೇ ಅಲ್ವಾ ನೀವು ತೋರಿಸಿದ್ದು?”

“ನಡೆಯುತ್ತೆ.”

“ಮತ್ತೆ ಇಷ್ಟು ವರ್ಷ ನನ್ನನ್ನು ಯಾಕೆ ಇಟ್ಟುಕೊಂಡ್ರಿ?”

ಅಷ್ಟರಲ್ಲಿ ಅತಿಥಿಗಳು ಬಂದರು. ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹೂ ಮುಡಿದಿದ್ದರು. ಅವರಲ್ಲಿ ಹಿರಿಯಳಾದ ಚೌಡಮ್ಮ ಸೋಮಲಿಂಗನ ಮುಖ ನೋಡಿದಳು. ಹೋಗಿ ಸಾರಿನ ಬಕೆಟ್ಟಿನ ಹಿಡಿಗೆ ಕೈ ಹಾಕಿದಳು.

“ಕೊಡಣ್ಣ. ಇವತ್ತು ನಾನು ಬಡಿಸ್ತೀನಿ.”

ಸೋಮಲಿಂಗ ಓಡಿ ಬಂದು ಬಕೆಟ್ಟಿನ ಹಿಡಿ ಹಿಡಿದುಕೊಂಡ. “ಬಿಡಿ, ನಿಮಗೆ...” ಎಂದವನ ಮಾತು ಅಲ್ಲಿಗೇ ನಿಂತಿತು. ಬೆರಳುಗಳು ತಾವಾಗಿ ಸಡಿಲವಾದವು.

ಗುರುಗಳು ತಮ್ಮ ಪಕ್ಕದಲ್ಲಿ ಒಂದು ಎಲೆ ಹಾಕಿ ನೀರು ಚಿಮುಕಿಸಿದರು.

“ಬಾ, ಕೂತ್ಕೋ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನು ಆ ದೀಪಗಳ ಕೆಳಗೆ ಕೂತ. ಮೊಣಕಾಲು ಮಡಿಸುವುದೇ ಕಷ್ಟವಾಯಿತು. ಚೌಡಮ್ಮ ಅನ್ನ ಬಡಿಸಿ, ಸಾರು ಹಾಕಿ ಮುಂದೆ ಹೋದಳು.

ಸೋಮಲಿಂಗ ಎಲೆಯನ್ನೇ ನೋಡುತ್ತಿದ್ದ. “ನಾನು ಕೇಳಿದ್ದಕ್ಕೆ ನೀವು ಏನೂ ಹೇಳಲಿಲ್ಲ, ಬುದ್ಧಿ.”

“ನೀನು ಮೊದಲ ದಿನ ಇಲ್ಲಿಗೆ ಬಂದಾಗ ಬಾಗಿಲಲ್ಲಿ ನಾನು ಏನು ಕೇಳಿದೆ, ನೆನಪಿದೆಯಾ?”

“ಊಟ ಆಯ್ತಾ ಅಂತ ಕೇಳಿದ್ರಿ.”

“ನೀನು ಏನಂದೆ?”

“ಏನಾದರೂ ಕೆಲಸ ಇದೆಯಾ ಅಂದೆ.”

ಗುರುಗಳು ತಮ್ಮ ಎಲೆಯ ಹಪ್ಪಳವನ್ನು ಅವನ ಎಲೆಗೆ ಹಾಕಿದರು.

“ನಾನು ಕೇಳಿದ್ದಕ್ಕೆ ನೀನು ಇನ್ನೂ ಉತ್ತರ ಹೇಳಿಲ್ಲ.”