ನಿದ್ದೆ ಬಾರದ ಕತ್ತಿ

ಒಂದಾನೊಂದು ಕಾಲದಲ್ಲಿ, ಈ ಬಂಡೆಗುಡ್ಡಗಳ ಮೇಲೆಲ್ಲ ಕೋಟೆ ಇದ್ದ ಕಾಲ ಅಂತ ಇಟ್ಟುಕೋ ಮಗಾ, ಗುಡ್ಡದ ಬುಡದ ಒಂದೂರಲ್ಲಿ ಮಾರಕ್ಕ ಅನ್ನೋ ಮುದುಕಿ ಇದ್ದಳಂತೆ. ಅವಳಿಗೆ ಮೂವರು ಗಂಡುಮಕ್ಕಳು. ದೊಡ್ಡವನು ಗಾದ್ರಪ್ಪ, ನಡುವಿನವನು ಬೋರಯ್ಯ, ಚಿಕ್ಕವನು ಪಾಲಯ್ಯ. ಗಾದ್ರಪ್ಪನಿಗೆ ಮದುವೆಯಾಗಿ, ಹೆಂಡತಿ ತಿಪ್ಪಕ್ಕನ ಮಡಿಲಲ್ಲಿ ಹಸುಗೂಸು ಇತ್ತಂತೆ.

ಒಂದು ದಿನ ಉರಿಬಿಸಿಲಲ್ಲಿ ಒಬ್ಬ ಮುದಿ ದಂಡಾಳು, ಮೈತುಂಬ ಗಾಯ, ಅವರ ಜಗಲಿಗೆ ಬಂದು ಕೂತನಂತೆ. ಮಾರಕ್ಕ ಮಜ್ಜಿಗೆ ಕೊಟ್ಟಳು. ಕುಡಿದ ಮೇಲೆ ಅವನು ಮಡಿಲಲ್ಲಿದ್ದ ಬರೀ ಕತ್ತಿಯನ್ನು ಅವಳ ಮುಂದಿಟ್ಟ. ಅದಕ್ಕೆ ಹಿಡಿಯಿಲ್ಲ, ಒರೆಯಿಲ್ಲ. ಒರೆ ಅಂದರೆ ಗೊತ್ತಲ್ಲ, ಕತ್ತಿ ಮಲಗೋ ಗೂಡು. ತಾಯೀ, ನಿಮ್ಮೂರ ಬಾಗಿಲು ಕಾದ ಕತ್ತಿ ಇದು, ಒರೆ ಬೆಂಕಿಗೆ ಹೋಯಿತು, ಒರೆ ಇಲ್ಲದ ಕತ್ತಿಗೆ ಯುದ್ಧ ಮುಗಿದದ್ದು ತಿಳಿಯೋದಿಲ್ಲ, ಇದಕ್ಕೊಂದು ಮನೆ ಮಾಡಿಕೊಡಿ ಅಂದನಂತೆ. ಮಾರಕ್ಕ ಆಗಲಪ್ಪ ಅಂದಳು. ಅವನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ, ಮತ್ತೆ ತೆರೆಯಲಿಲ್ಲವಂತೆ.

ಅವನನ್ನು ಊರ ಬೇವಿನ ಮರದ ಕೆಳಗೆ ಮಣ್ಣು ಮಾಡಿ ಬಂದರು. ಆಮೇಲೆ ಗಾದ್ರಪ್ಪ ಇಟ್ಟಿಗೆಪುಡಿ ಹಾಕಿ ಕತ್ತಿಯನ್ನು ತಿಕ್ಕಿದ. ತಿಕ್ಕಿದ ಹಾಗೆಲ್ಲ ಒಳಗಿಂದ ಗೆರೆ ಮೂಡುತ್ತಾ ಬಂದುವಂತೆ, ಹಳ್ಳದಲ್ಲಿ ನೀರು ಸುಳಿ ಸುಳಿಯಾಗಿ ಹರಿದ ಹಾಗೆ. ಬೋರಯ್ಯ ಅರಗು ಕರಗಿಸಿ ಹುಯ್ದು ಮರದ ಹಿಡಿ ಕೂಡಿಸಿದ. ಹಿಡಿ ಕೂತಿದ್ದೇ ತಡ, ಕತ್ತಿ ಗುಂಯ್ ಅನ್ನೋಕೆ ಶುರುವಾಯಿತಂತೆ, ದೂರದಲ್ಲಿ ದಂಡು ಬಂದ ಹಾಗೆ.

ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಎದ್ದಿತು. ಅಲ್ಲಿಂದ ಮುಂದೆ ಕೂಸು ರೆಪ್ಪೆ ಮುಚ್ಚಿದರೆ ಸಾಕು, ಕತ್ತಿ ಗುಂಯ್ ಅನ್ನೋದು, ಕೂಸು ಚೀರೋದು. ಹಾಲು ಕುಡಿಯಲಿಲ್ಲ, ಪಕ್ಕೆಲುಬು ಕಂಡುವು. ಈ ಕತ್ತೀನ ಹೊಂಡಕ್ಕೆ ಎಸೆದು ಬರ್ತೀನಿ ಅಂತ ಬೋರಯ್ಯ ಎದ್ದ. ಬೇಡ ಕಣೋ, ಸತ್ತವನಿಗೆ ಮಾತು ಕೊಟ್ಟಿದೀನಿ, ಹಿಂದಕ್ಕೆ ತಗೊಳ್ಳೋಣ ಅಂದರೆ ಅವನಿಲ್ಲ, ಒರೆ ಮಾಡಿ ಅಂದಳಂತೆ ಮಾರಕ್ಕ.

ಆಮೇಲೆ ಗಾದ್ರಪ್ಪ ಹೊನ್ನೆ ಮರದ ಎರಡು ಹೋಳು ಕೊರೆದು, ಇರುವೆ ಕೂಡ ನುಸುಳದ ಹಾಗೆ ಬಿಗಿಯಾಗಿ ಒರೆ ಮಾಡಿದ. ಕತ್ತಿ ಒಳಗೆ ಹೋಗಿ ಒಂದೇ ಸಲ ಮೈ ಕೊಡವಿತು, ಒರೆ ಫಟ್ ಅಂತ ಸೀಳಿತು. ಅಣ್ಣಾ, ಒಲೆಗೆ ಸೌದೆ ಆಯ್ತು ಬಿಡು ಅಂದ ಬೋರಯ್ಯ.

ಬೋರಯ್ಯ ಅಗಲವಾದ ಬಿದಿರು ತಂದು ಸಡಿಲವಾಗಿ ಒರೆ ಮಾಡಿದ. ಕತ್ತಿ ಒಳಗೆ ಲೊಡಲೊಡ ಹೊರಳಾಡಿತು. ನಿನ್ನದು ಒರೆಯಲ್ಲ ಕಣೋ, ಮಗೂಗೆ ಗಿಲಕಿ ಅಂದ ಗಾದ್ರಪ್ಪ.

ಪಾಲಯ್ಯ ಅವಸರದಲ್ಲಿ ಉಪ್ಪು ಹಾಕಿಟ್ಟ ಹಸೀ ಚರ್ಮ ಸುತ್ತಿ ಹೊಲಿದ. ಕತ್ತಿ ಸುಮ್ಮನಾಯಿತು. ಮನೆಯವರೆಲ್ಲ ಕೈ ಮುಗಿದರು. ಬೆಳಗಾಗೆದ್ದು ಹಿರಿದು ನೋಡಿದರೆ, ಅಲಗಿನ ಉದ್ದಕ್ಕೂ ಕೆಂಪಗೆ ಹನಿ ಹನಿ ತುಕ್ಕು. ಕತ್ತಿ ಅತ್ತಿತ್ತು ಮಗಾ. ಈ ಸಲ ಯಾರೂ ಹಾಸ್ಯ ಮಾಡಲಿಲ್ಲವಂತೆ. ಮಾರಕ್ಕ ಅದನ್ನು ತೊಳೆದು, ಒರೆಸಿ, ಕಣ್ಣಿಗೊತ್ತಿಕೊಂಡು ತಪ್ಪಾಯ್ತು ತಾಯಿ ಅಂದಳು. ಕತ್ತಿ ಮತ್ತೆ ಗುಂಯ್ ಅಂದಿತು. ಕೂಸಿಗೆ ಅಳೋಕೂ ದನಿ ಇರಲಿಲ್ಲ, ಬಾಯಿ ಮಾತ್ರ ತೆರೀತಿತ್ತು.

ತಿಪ್ಪಕ್ಕ ಕೂಸಿಗೆ ಎಣ್ಣೆ ಹಚ್ಚಿ, ನೀರು ಹುಯ್ದು, ಕಣ್ಣಿಗೂ ಕೆನ್ನೆಗೂ ಕಾಡಿಗೆ ಇಟ್ಟಳು. ದೇವರ ದೀಪದ ಮಸಿ ಹಿಡಿದು ಹರಳೆಣ್ಣೆಯಲ್ಲಿ ಕಲೆಸಿದ ಕಾಡಿಗೆ. ಕೂಸು ಹೊರಳಿ ಕೆನ್ನೆ ಉಜ್ಜಿತು, ತೊಟ್ಟಿಲ ಬಟ್ಟೆಗೆ ಕಪ್ಪು ಮೆತ್ತಿತು, ಕೆನ್ನೆ ತಾಕಿದಷ್ಟೇ ಜಾಗ. ತಿಪ್ಪಕ್ಕ ಆ ಕಪ್ಪನ್ನೇ ನೋಡುತ್ತಾ ಕೂತಳಂತೆ. ಆಮೇಲೆ ಕಾಡಿಗೆ ಡಬ್ಬಿ ಹಿಡಿದು ಕತ್ತಿಯ ಹತ್ತಿರ ಹೋದಳು.

ಏನೇ ಇದು, ಕತ್ತಿಗೂ ದೃಷ್ಟಿಯಾಗುತ್ತಾ ಅಂದ ಗಾದ್ರಪ್ಪ.

“ಎಲ್ಲಿ ಒತ್ತುತ್ತೆ ಅಂತ ಕೂಸು ಹೇಳಲ್ಲ, ಇದೂ ಹೇಳಲ್ಲ. ಕಾಡಿಗೆ ಹೇಳುತ್ತೆ,” ಅಂದಳಂತೆ ತಿಪ್ಪಕ್ಕ.

ಅವಳು ಅಲಗಿಗೆಲ್ಲ ತೆಳ್ಳಗೆ ಕಾಡಿಗೆ ಸವರಿದಳು. ಗಾದ್ರಪ್ಪ ಹೊಸದಾಗಿ ಎರಡು ಹೋಳು ಕೊರೆದ. ಅವುಗಳ ನಡುವೆ ಕತ್ತಿ ಇಟ್ಟು ಒತ್ತಿ ತೆಗೆದರೆ, ಮರಕ್ಕೆ ಅಲಗು ಒತ್ತಿದ ಕಡೆಯೆಲ್ಲ ಕಪ್ಪು. ಅಲ್ಲಷ್ಟೇ ಕೆರೆದರು. ಮತ್ತೆ ಸವರಿದರು, ಮತ್ತೆ ಇಟ್ಟರು, ಮತ್ತೆ ಕೆರೆದರು. ಕೊನೆಗೆ ಒರೆಯ ಬಾಯಲ್ಲಿ ಮಾತ್ರ ಕಪ್ಪು ಉಳಿಯಿತಂತೆ. ಬಾಯಿ ಗಟ್ಟಿಯಾಗಿ ಹಿಡಿದುಕೊಂಡಿತ್ತು, ಒಳಗೆ ಅಲಗಿಗೆ ಏನೂ ತಾಕದು, ಅಮ್ಮ ತೋಳಲ್ಲಿ ಕೂಸನ್ನು ಹಿಡಿದ ಹಾಗೆ.

ಕತ್ತಿಗೆ ಕಣ್ಣಿರುತ್ತಾ ಅಜ್ಜಿ ಅಂತೀಯಾ? ಇರುತ್ತೋ ಇಲ್ಲವೋ, ಕಾಡಿಗೆಯಂತೂ ಇಟ್ಟಾಗಿತ್ತು. ಕೇಳು.

ಬೋರಯ್ಯ ಹುಣಸೆಬೀಜ ಬೇಯಿಸಿ ಅರೆದು ಅಂಟು ಮಾಡಿದ. ಪಾಲಯ್ಯ ಹೋಳುಗಳನ್ನು ಕೂಡಿಸಿ ಹಗ್ಗ ಸುತ್ತಿ ನೆರಳಲ್ಲಿ ಒಣಗಿಸಿದ. ಮೇಲೆ ಸುತ್ತೋಕೆ ಏನು? ಚರ್ಮ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ. ತಿಪ್ಪಕ್ಕ ತವರಿಂದ ತಂದ ತೊಟ್ಟಿಲ ಬಟ್ಟೆಯನ್ನು ಪರ್ರನೆ ಅರ್ಧ ಹರಿದು, ಅಂಟು ಸವರಿ ಸುತ್ತಿದಳು.

ಆಮೇಲೆ ದೀಪ ಹಚ್ಚಿದರು. ತಿಪ್ಪಕ್ಕನ ತೋಳಲ್ಲಿ ಕೂಸು. ಮಾರಕ್ಕ ಎರಡೂ ಕೈಯಲ್ಲಿ ಕತ್ತಿ ಎತ್ತಿ ಒರೆಯ ಬಾಯಿಗಿಟ್ಟಳು. ಗುಂಯ್ ಅನ್ನುತ್ತಲೇ ಒಳಗೆ ಇಳಿಯಿತು, ಇಳಿದ ಹಾಗೆ ದನಿ ಸಣ್ಣದಾಯಿತು. ಹಿಡಿ ಮುಟ್ಟೋ ಹೊತ್ತಿಗೆ ಮಾರಕ್ಕ ಬಗ್ಗಿ, ಅದರ ಕಿವಿಯಲ್ಲಿ ಹೇಳಿದ ಹಾಗೆ ಹೇಳಿದಳಂತೆ:

“ಯುದ್ಧ ಮುಗೀತು ತಾಯಿ. ಮಲಗು.”

ಟಪ್ ಅಂತು ಒರೆ. ಅಷ್ಟೇ. ಊರಿಗೆ ಊರೇ ನಿಶ್ಶಬ್ದವಾಯಿತಂತೆ. ಕಟ್ಟಿದ ದನ ಮೆಲುಕು ನಿಲ್ಲಿಸಿ ಕಿವಿ ನಿಮಿರಿಸಿದುವು. ಬೇವಿನ ಮರದ ಒಂದೆಲೆಯೂ ಅಲ್ಲಾಡಲಿಲ್ಲ. ಗಂಡಸರು ಮೂವರೂ ಕೈ ಮುಗಿದು ನಿಂತುಬಿಟ್ಟರು. ಅಷ್ಟರಲ್ಲಿ ಕೂಸು ಬಾಯಿ ಚಪ್ಪರಿಸಿ ಮೊಲೆಗೆ ಬಾಯಿ ಹಾಕಿತು, ಹೊಟ್ಟೆ ತುಂಬ ಕುಡಿದು, ಉಳಿದರ್ಧ ಬಟ್ಟೆಯಲ್ಲಿ ಮುದುರಿಕೊಂಡು ನಿದ್ದೆ ಹೋಯಿತಂತೆ.

ಆ ಕತ್ತಿ ಮತ್ತೆ ಯುದ್ಧಕ್ಕೆ ಏಳಲಿಲ್ಲ. ವರ್ಷಕ್ಕೊಂದು ಸಲ ಆಯುಧ ಪೂಜೆಯ ದಿನ ಹೊರಗೆ ತೆಗೆದು, ಹಾಲು ಕುಡಿಸೋ ತಾಯಿ ಕೈಯಿಂದ ಕಾಡಿಗೆ ಸವರಿಸಿ, ಮತ್ತೆ ಮಲಗಿಸುತ್ತಿದ್ದರಂತೆ. ಕೂಸು ಬೆಳೆದು ದೊಡ್ಡದಾಗಿ, ಆ ಮನೆಯಲ್ಲಿ ಹಾಲು ಮೊಸರು ಉಕ್ಕಿ, ಎಲ್ಲರೂ ಸುಖವಾಗಿದ್ದರಂತೆ.

ಕತ್ತಿ ಒರೆ ಸೇರಿತು, ಕೂಸು ತೊಟ್ಟಿಲು ಸೇರಿತು, ನನ್ನ ಕತೆ ತನ್ನ ಮನೆ ಸೇರಿತು. ಮಗಾ... ಓ, ನೀನೂ ಆಗಲೇ ನಿದ್ದೆ ಸೇರಿಬಿಟ್ಟೆಯಾ.