ಬೆಂಕಿಗೆ ಒಡೆದ ಬಾಗಿಲು

“ಗುರುಗಳೇ, ಎರಡೂ ಕಡೆಯವರನ್ನು ಕೇಳದೆ ಯಾರ ಮನೆಯ ವಿಷಯಕ್ಕೂ ಕೈಹಾಕಬಾರದು, ಅಲ್ಲವೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ನ್ಯಾಯಾಧಿಕಾರಿಯಿದ್ದ. ಲಂಚ ಮುಟ್ಟಿದವನಲ್ಲ, ಮುಖ ನೋಡಿ ಮಣೆ ಹಾಕಿದವನಲ್ಲ. ಯಜಮಾನನನ್ನು ಕೇಳದೆ ಅವನ ಹೊಸ್ತಿಲು ದಾಟಬಾರದೆಂಬುದು ಆ ಊರಿನ ಕಟ್ಟಳೆ. ಬೆಂಕಿ ಬಿದ್ದಾಗ ಮಾತ್ರ ಯಾರು ಬೇಕಾದರೂ ಬಾಗಿಲು ಒಡೆಯಬಹುದಿತ್ತು. ಹಿಂದೊಮ್ಮೆ ಯಜಮಾನ ಬರಲೆಂದು ಜನ ಕಾಯುತ್ತಾ ನಿಂತು ಒಂದು ಕಣಜವೇ ಸುಟ್ಟುಹೋಗಿತ್ತು. ಭತ್ತ ಕಳೆದುಕೊಂಡ ಮೇಲೆ ಊರಿಗೆ ಅಷ್ಟು ಬುದ್ಧಿ ಬಂದಿತ್ತು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ನ್ಯಾಯಾಧಿಕಾರಿಯ ಜಗಲಿಗೆ ಬಂದಳು. ನಮ್ಮ ಪಕ್ಕದ ಮನೆಯವನು ತಾಯಿಯಿಲ್ಲದ ತನ್ನ ಮಗುವನ್ನು ಕಂಬಕ್ಕೆ ಕಟ್ಟಿ, ಬರೆ ಹಾಕಿ, ಬೀಗ ಜಡಿದು ಹೋಗುತ್ತಾನೆ. ಇವತ್ತು ಅದರ ಅಳುವೂ ಕೇಳಿಸುತ್ತಿಲ್ಲ ಎಂದಳು.

ಅವಳು ಸುಳ್ಳು ಹೇಳುತ್ತಿಲ್ಲವೆಂದು ಅವನಿಗೆ ಅನ್ನಿಸಿತು. ಆದರೂ, “ಒಂದೇ ಕಿವಿಯಲ್ಲಿ ಕೇಳಿ ನ್ಯಾಯ ಹೇಳಬಾರದು, ತಾಯಿ. ಸಂತೆಯ ದಿನ ಅವನನ್ನೂ ಕರೆಸುತ್ತೇನೆ” ಎಂದ.

“ಸಂತೆ ಯಾವತ್ತೆಂದು ಆ ಮಗುವಿಗೆ ಹೇಳುವವರು ಯಾರು, ಸ್ವಾಮಿ? ಭತ್ತವಾಗಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಹೊರಗಿರುತ್ತಿತ್ತು.”

“ಬೆಂಕಿಯ ಮಾತು ಬೇರೆ.”

ಹೆಂಗಸು ಎದ್ದು ಹೋದಳು.

ಮಧ್ಯಾಹ್ನ ಆ ಮನೆಯ ಬರಿದಾದ ಕೊಟ್ಟಿಗೆಯ ಹುಲ್ಲುಮಾಡು ಹೊತ್ತಿಕೊಂಡಿತು. ಊರೇ ಕೊಡ ಹಿಡಿದು ಓಡಿತು. ನ್ಯಾಯಾಧಿಕಾರಿಯೂ ಓಡಿದ. ಬಾಗಿಲು ಒಡೆದರು. ಕಂಬದ ಹಗ್ಗ ಬಿಚ್ಚಿದ್ದು ಅವನದೇ ಕೈ. ಮಗುವಿಗೆ ಉಸಿರಿತ್ತು. ಅವನ ತೋಳಿನಿಂದ ಜಾರಿ ಆ ಹೆಂಗಸಿನ ಸೆರಗು ಹಿಡಿದುಕೊಂಡಿತು.

ಸಂತೆಯ ದಿನ ಅವನು ಎರಡೂ ಕಡೆಯವರನ್ನು ಕೇಳಿದ. “ನನ್ನ ಮಗು, ನಾನು ತಿದ್ದುತ್ತಿದ್ದೆ” ಎಂದ ಅಪ್ಪ. ಅವನಿಗೆ ಸೆರೆಯಾಯಿತು. “ಬೆಂಕಿ ಇಟ್ಟವಳು ನಾನೇ” ಎಂದಳು ಹೆಂಗಸು. ಮನೆಗೆ ಬೆಂಕಿ ಇಟ್ಟವರು ಊರಲ್ಲಿ ಇರುವ ಹಾಗಿಲ್ಲ; ಊರಿನ ಮಗುವನ್ನು ಗಡಿ ದಾಟಿಸುವ ಹಾಗೂ ಇಲ್ಲ. ಆ ಕಟ್ಟಳೆಗಳನ್ನೂ ನ್ಯಾಯಾಧಿಕಾರಿ ಮೀರಲಿಲ್ಲ. ಗಡಿಕಲ್ಲಿನ ತನಕ ತಾನೇ ನಡೆದುಹೋಗಿ, ಮಗುವಿನ ಮುಷ್ಟಿಯಿಂದ ಅವಳ ಸೆರಗನ್ನು ಬೆರಳು ಬೆರಳಾಗಿ ಬಿಡಿಸಿದ. ಹಗ್ಗದ ಗಂಟೇ ಇದಕ್ಕಿಂತ ಸುಲಭವಾಗಿತ್ತು ಎಂದು ಅವನಿಗೆ ಅನ್ನಿಸಿತು.

ಶಿಷ್ಯ, “ಆದರೂ ಗುರುಗಳೇ, ಅವನು ಎಲ್ಲರನ್ನೂ ಕೇಳಿಯೇ ತೀರ್ಪು ಕೊಟ್ಟನಲ್ಲ” ಎಂದ.

“ಕೊಟ್ಟ. ಮೊದಲು ಮಗುವನ್ನು ಹೊರಗೆ ತಂದು ಆಮೇಲೆ ಕೇಳಿದ್ದರೆ, ಅಪ್ಪನ ಮಾತೇನು ಹಳಸಿಹೋಗುತ್ತಿತ್ತೇ?”