ಹಳ್ಳದಿಂದ ಹಿಂದಿರುಗಿದ ಹೆಜ್ಜೆಗಳು

ಒಂದು ಕಾಡಿನಲ್ಲಿ ಮುದಿ ಕರಡಿಯೊಂದಿತ್ತು. ಜ್ವರದ ಕಷಾಯ ಕಾಯಿಸುವುದರಲ್ಲಿ ಎತ್ತಿದ ಕೈ. ಎಲ್ಲರೂ ಅವನನ್ನು ಕರಡಿಯಜ್ಜ ಎನ್ನುತ್ತಿದ್ದರು. ಕಹಿ ತೊಗಟೆ ಕುದಿಸಿ, ಮೇಲೆ ಜೇನು ಸುರಿದು, ದಿನಾ ಬೆಳಿಗ್ಗೆ ಬಂಡೆಯ ಮೇಲೆ ಗಡಿಗೆ ಇಡುತ್ತಿದ್ದ. ದಿನಕ್ಕೆ ಒಂದೇ ಗಡಿಗೆ. ಅಜ್ಜನ ಕಣ್ಣು ಮಂಜಾಗಿತ್ತು. ಅದಕ್ಕೇ ಹಂಚುವ ಕೆಲಸವನ್ನು ನರಿಗೆ ವಹಿಸಿದ್ದ.

ನರಿ ಬಂಡೆ ಹತ್ತಿ ಸಾರಿತು: "ಮೊದಲು ಬಂದವರಿಗೆ ಮೊದಲು! ಆನೆಯಾಗಲಿ ಇಲಿಯಾಗಲಿ, ಎಲ್ಲರಿಗೂ ಒಂದೇ ಕಾನೂನು!"

ಕಾಡಿಗೆ ಕಾಡೇ ಬೀಗಿತು. ಎಲ್ಲರಿಗಿಂತ ಹೆಚ್ಚು ಬೀಗಿದ್ದು ಜಿಂಕೆ. ಬಾಣದಂತೆ ಓಡಿ ಬರುತ್ತಿತ್ತು, ಒಂದು ಸೀನಿಗೂ ಒಂದು ದೊನ್ನೆ ಕಷಾಯ ಕುಡಿಯುತ್ತಿತ್ತು. ನರಿಯ ಗವಿಯಂತೂ ಬಂಡೆಯ ಬುಡದಲ್ಲೇ ಇತ್ತು. ಅದರ ಅಣ್ಣತಮ್ಮಂದಿರಿಗೆ ಜ್ವರವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಜೇನಿನ ಆಸೆಗೆ ಸಾಲಿನಲ್ಲಿ ನಿಂತು ದೊನ್ನೆ ನೆಕ್ಕುತ್ತಿದ್ದರು.

ಕುಡಿದವರ ಲೆಕ್ಕಕ್ಕೆ ನರಿ ಬಂಡೆಯ ಪಕ್ಕ ಕುಣಿಗಳನ್ನು ತೋಡಿತ್ತು. ಒಂದೊಂದು ಜಾತಿಯ ಪ್ರಾಣಿಗೆ ಒಂದೊಂದು ಕುಣಿ. ಯಾರಾದರೂ ಕುಡಿದರೆ ಅವರ ಕುಣಿಗೆ ಒಂದು ಗುಲಗಂಜಿ.

"ನೋಡಜ್ಜಾ, ಚಿಪ್ಪುಹಂದಿಗಳ ಕುಣಿ ಖಾಲಿ. ಆಮೆಗಳದ್ದೂ ಖಾಲಿ. ಅಂದ್ರೆ ಅವರಿಗೆ ಕಾಯಿಲೇನೇ ಇಲ್ಲ!" ಎಂದಿತು ನರಿ.

"ಪುಣ್ಯವಂತರು" ಎಂದು ಅಜ್ಜ ತಲೆದೂಗಿದ.

ಅದೇ ಹೊತ್ತಿಗೆ ಆ ಕಾಡಿಗೆ ಬಂದ ಕೆಂಚಿ ಎಂಬ ಮುಂಗುಸಿ ಈ ಮಾತು ಕೇಳಿಸಿಕೊಂಡಳು. ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ನೆಲ ಮೂಸುತ್ತಾ, ಹೆಜ್ಜೆ ಓದುತ್ತಾ ಕಾಡಿಂದ ಕಾಡಿಗೆ ಅಲೆಯುವವಳು. ಹಳ್ಳದ ಒದ್ದೆ ಮರಳಿನಲ್ಲಿ ಅವಳಿಗೊಂದು ವಿಚಿತ್ರ ಕಂಡಿತು. ಚಿಪ್ಪುಹಂದಿಯ ಹೆಜ್ಜೆಗಳು, ನಡುವೆ ಬಾಲ ಎಳೆದ ಗೆರೆ. ನೀರಿನವರೆಗೆ ಬಂದು ಹಾಗೇ ಹಿಂದೆ ತಿರುಗಿದ್ದವು. ಒಂದಲ್ಲ, ಐದು ಸಲ.

ಕೆಂಚಿ ಅಲ್ಲೇ ಕಾದಳು. ನೆತ್ತಿಗೆ ಬಿಸಿಲು ಬಂದಾಗ ಚಿಪ್ಪವ್ವ ಎಂಬ ಚಿಪ್ಪುಹಂದಿ ಕಾಲೆಳೆಯುತ್ತಾ ಬಂದಳು. ಬಾಲದ ಮೇಲೆ ಮರಿ ಅವಚಿಕೊಂಡಿತ್ತು. ಅದರ ಮೈ ಕೆಂಡದಂತೆ ಸುಡುತ್ತಿತ್ತು.

"ಎಲ್ಲಿಗೆ ಹೊರಟೆ ಅಕ್ಕಾ?"

"ಬಂಡೆಗೆ ತಾಯಿ. ಆದ್ರೆ ಇಲ್ಲಿಗೆ ಬರೋ ಹೊತ್ತಿಗೆ ಗಡಿಗೆ ಬೋರಲು ಹಾಕಿರೋದು ಕಾಣುತ್ತೆ. ಇನ್ಯಾಕೆ ಹಳ್ಳ ದಾಟ್ಲಿ? ಇವತ್ತಿಗೆ ಆರು ದಿನ ಆಯ್ತು. ಈಗ ಮಗು ಕಣ್ಣೂ ಬಿಡ್ತಿಲ್ಲ."

"ಮಗೂನ ಇಲ್ಲೇ ನೆರಳಲ್ಲಿ ಮಲಗಿಸು. ನಾಳೆ ಗಡಿಗೆ ಇಟ್ಟ ತಕ್ಷಣ ನಾನು ಹೋಗಿ ಕೇಳ್ತೀನಿ" ಎಂದಳು ಕೆಂಚಿ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕತ್ತಲಾಗುವವರೆಗೂ ಹಳ್ಳದ ದಂಡೆ ಸುತ್ತಿದಳು. ಆಮೆ, ಮುಳ್ಳುಹಂದಿ, ಕುಂಟ ಕಡವೆ, ಎಷ್ಟೊಂದು ಹೆಜ್ಜೆಗಳು ಬಂದು ಹಿಂದೆ ಹೋಗಿದ್ದವು! ಹಿಂದಿರುಗಿದ ಒಂದೊಂದು ಸಾಲಿಗೂ ಒಂದು ಗುಲಗಂಜಿ ಆರಿಸಿದಳು.

ಬೆಳಿಗ್ಗೆ ಬಂಡೆಯ ಬಳಿ ಹೋಗಿ ಅವನ್ನೆಲ್ಲ ಖಾಲಿ ಕುಣಿಗಳಿಗೆ ಸುರಿದಳು. ಕುಣಿ ತುಂಬಿ ಚೆಲ್ಲಿತು.

"ಅಜ್ಜಾ, ಇವರು ಪುಣ್ಯವಂತರಲ್ಲ. ಹಳ್ಳದವರೆಗೆ ಬಂದು ಬರಿಗೈಲಿ ಹೋದವರು."

ನರಿ ಬಿದ್ದು ಬಿದ್ದು ನಕ್ಕಿತು. "ಬಂದವರನ್ನ ಎಣಿಸೋದು ಕೇಳಿದ್ದೆ. ಬರದೇ ಇರೋರನ್ನ ಎಣಿಸೋ ಹುಚ್ಚಿ ಇವಳೇ ಮೊದಲು! ಏನಮ್ಮಾ, ಕಾನೂನು ಎಲ್ಲರಿಗೂ ಒಂದೇ ತಾನೇ?"

"ಕಾನೂನು ಒಂದೇ ನರಿಯಣ್ಣಾ. ಕಾಲು ಒಂದೇ ಅಲ್ವಲ್ಲ!"

ಸಾಲಿನಲ್ಲಿದ್ದವರೆಲ್ಲ ಕೆಂಚಿಯ ಕಡೆ ತಿರುಗಿದರು. ಕರಡಿಯಜ್ಜ ಎದ್ದ. "ನಡಿ ಮಗಳೇ, ತೋರಿಸು."

ಎಲ್ಲರೂ ಹಳ್ಳಕ್ಕೆ ಹೋದರು. ಅಜ್ಜ ಮಂಡಿಯೂರಿ ಒಂದೊಂದೇ ಹೆಜ್ಜೆಯನ್ನು ಮೂಸಿದ. ಮರಿಯ ಹಣೆ ಮುಟ್ಟಿದ.

"ಖಾಲಿ ಕುಣಿ ನೋಡಿ ಖುಷಿಪಟ್ಟೆನಲ್ಲ! ಇವತ್ತಿಂದ ಮೊದಲು ಬಂದವರಿಗಲ್ಲ, ಹೆಚ್ಚು ಬಳಲಿದವರಿಗೆ ಮೊದಲು. ಗಡಿಗೆಯಲ್ಲಿ ಇನ್ನೂ ಅರ್ಧ ಇದೆ. ಯಾರಾದರೂ ಓಡಿ..."

ಮಾತು ಮುಗಿಯುವ ಮೊದಲೇ ನರಿ ಧೊಪ್ಪನೆ ಬಿತ್ತು. "ಅಯ್ಯೋ ಸತ್ತೆ! ಹೊಟ್ಟೆ ಉರಿ, ತಲೆ ಸಿಡಿತ! ನನ್ನಷ್ಟು ಬಳಲಿದವರು ಈ ಕಾಡಲ್ಲೇ ಇಲ್ಲ. ಉಳಿದಿದ್ದೆಲ್ಲ ನನಗೇ ಬೇಕು ಅಜ್ಜಾ!"

ಅಜ್ಜ ಬಗ್ಗಿ ನರಿಯ ಮೂತಿ ಮೂಸಿದ. ಕಣ್ಣು ಮಂಜಾದರೇನು, ಕರಡಿಗೆ ಜೇನಿನ ವಾಸನೆ ತಪ್ಪುವುದುಂಟೇ?

"ಪಾಪ, ಭಾರಿ ಕಾಯಿಲೆ ನಿನಗೆ" ಎಂದ ಗಂಭೀರವಾಗಿ. "ಜೇನು ಸೋಕಿಸಬಾರದು. ಏಳು ದಿನ ಬರೀ ತೊಗಟೆ ನೀರು. ಬೇರೇನೂ ತಿನ್ನೋ ಹಾಗಿಲ್ಲ."

ನರಿ ಛಂಗನೆ ಎದ್ದಿತು. "ವಾಸಿಯಾಯ್ತು ಅಜ್ಜಾ!"

"ಇಷ್ಟು ಬೇಗ ವಾಸಿಯಾದ್ರೆ ಇನ್ನೂ ಅಪಾಯ. ಹದಿನಾಲ್ಕು ದಿನ ಇರಲಿ."

ಕಾಡೆಲ್ಲ ಗೊಳ್ಳೆಂದಿತು. ನರಿಯ ಅಣ್ಣತಮ್ಮಂದಿರು ತಮಗೂ ಆ ಔಷಧಿ ಬಂದೀತೆಂದು ಹೆದರಿ ಪೊದೆಗೆ ನುಗ್ಗಿದರು. ಹಂಚುವ ಕೆಲಸವೂ ಅವತ್ತೇ ನರಿಯ ಕೈತಪ್ಪಿತು.

ಜಿಂಕೆ ಮಾತ್ರ ನಗಲಿಲ್ಲ. ಆಗಲೇ ಬಂಡೆಯತ್ತ ಓಡಿತ್ತು. ದೊನ್ನೆಯನ್ನು ಹಲ್ಲಲ್ಲಿ ಕಚ್ಚಿ, ಒಂದು ಹನಿಯೂ ತುಳುಕದಂತೆ ಹಳ್ಳ ಹಾರಿ ಬಂತು. ಚಿಪ್ಪವ್ವ ಮರಿಯ ಬಾಯಿ ಬಿಡಿಸಿ ಹನಿ ಹನಿಯಾಗಿ ಕುಡಿಸಿದಳು. ಸಂಜೆಯ ಹೊತ್ತಿಗೆ ಮರಿ ಕಣ್ಣು ತೆರೆಯಿತು. "ಅವ್ವಾ, ಹಸಿವು" ಎಂದಿತು. ಅಜ್ಜ ಕಣ್ಣೊರೆಸಿಕೊಂಡ.

ಮಾರನೆಯ ದಿನದಿಂದ ಜಿಂಕೆಗೆ ಹೊಸ ಕೆಲಸ. ನಡೆಯಲಾರದವರ ಮನೆಬಾಗಿಲಿಗೆ ಕಷಾಯ ಮುಟ್ಟಿಸುವುದು.

"ಏನಮ್ಮಾ, ಈಗ ಸಾಲಲ್ಲಿ ನೀನೇ ಕೊನೆಯಂತೆ?" ಎಂದು ಒಂದೆರಡು ಮಳೆ ಕಳೆದ ಮೇಲೆ ಮೊಲವೊಂದು ಕೆಣಕಿತು.

ಜಿಂಕೆ ಕತ್ತೆತ್ತಿ ನಿಂತಿತು. "ಹೌದು ಕಣೋ. ಈ ಕಾಡಲ್ಲಿ ಹಳ್ಳದಿಂದ ಹಿಂದಕ್ಕೆ ಹೋದ ಹೆಜ್ಜೆ ಒಂದಾದರೂ ಇದ್ದರೆ ತೋರಿಸು ನೋಡೋಣ!"

ಮೊಲ ದಂಡೆಯುದ್ದಕ್ಕೂ ಹುಡುಕಿತು. ಒಂದೂ ಸಿಗಲಿಲ್ಲ.

ನೀತಿ: ಎಲ್ಲರಿಗೂ ಒಂದೇ ಕಾನೂನು ಇದ್ದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ, ಬಂದವರನ್ನಷ್ಟೇ ನೋಡದೆ, ಬರಲಾರದವರನ್ನು ಹುಡುಕಿ ಅವರಿಗೂ ಮುಟ್ಟಿಸುವುದೇ ನ್ಯಾಯ.